ಎಡಗೈಗೆ ಮಾಡಿದ ಪೆಟ್ಟಿಗೆ

ಕಾರಿನ ಡಿಕ್ಕಿ ತೆರೆದು ಅವನು ನನಗೆ ಮೊದಲು ತೋರಿಸಿದ್ದು ಸ್ಪೀಕರನ್ನಲ್ಲ, ಖಾಲಿ ಜಾಗವನ್ನು. ಪುತ್ತೂರಿನ ದರ್ಬೆಯಲ್ಲಿ ನನ್ನ ರೇಡಿಯೋ ರಿಪೇರಿ ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಂತು, ಆ ಖಾಲಿ ಜಾಗಕ್ಕೆ ಕೈ ಚಾಚಿ ಹೇಳಿದ.

"ಇಲ್ಲಿಗೆ ಒಂದು ಬೇಸ್ ಪೆಟ್ಟಿಗೆ ಬೇಕು ರೈಗಳೇ. ಹಾಡು ಹಾಕಿದ್ರೆ ಎದೆಗೆ ಬಡಿಬೇಕು. ಆದ್ರೆ ನಂಗೆ ಒಬ್ಬನಿಗೇ ಎತ್ತಲಿಕ್ಕೆ ಆಗ್ಬೇಕು, ಒಂದೇ ಕೈಯಲ್ಲಿ."

"ಎರಡರಲ್ಲಿ ಒಂದು ಹೇಳಿ ಸಾಹೇಬ್ರೆ. ಎದೆಗೆ ಬಡಿಯುವ ಪೆಟ್ಟಿಗೆ ಒಂದು ಕೈಗೆ ಬರುದಿಲ್ಲ" ಎಂದೆ ನಾನು. ಬೆಳಿಗ್ಗೆಯಿಂದ ಒಂದು ಹಟಮಾರಿ ಟೇಪ್‌ರೆಕಾರ್ಡರಿನ ಜೊತೆ ಗುದ್ದಾಡಿ ನನ್ನ ತಲೆ ಕೆಟ್ಟಿತ್ತು.

ಅವನು ನಗಲಿಲ್ಲ. "ಎರಡೂ ಬೇಕು" ಎಂದ.

ಅದು ಎಂಬತ್ತರ ದಶಕದ ನಡುಭಾಗ. ಈಗ ಹುಡುಗರು ಸಬ್‌ವೂಫರ್ ಎನ್ನುವುದನ್ನು ನಾವು ಆಗ ಬೇಸ್ ಪೆಟ್ಟಿಗೆ ಎನ್ನುತ್ತಿದ್ದೆವು. ಕಾರಿನಲ್ಲಿ ಅಂಥದ್ದನ್ನು ಕೂರಿಸಿದವರು ಪುತ್ತೂರಿನಲ್ಲಿ ಯಾರೂ ನನಗೆ ಗೊತ್ತಿರಲಿಲ್ಲ. ಬಂದವನು ಕಡಬದ ಕಡೆಯ ಬ್ಯಾರಿ ಮುಸ್ಲಿಂ ಮನೆತನದವನು, ಮೂವತ್ತರ ಆಸುಪಾಸಿನವನು. ಗಲ್ಫಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾಗ ಸಾರುವೆಯಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡು, ಅಲ್ಲಿನ ಕೆಲಸ ಕಳೆದುಕೊಂಡು ಊರಿಗೆ ಬಂದಿದ್ದ. ಬರುವಾಗ ತಂದದ್ದು ಒಂದು ಹನ್ನೆರಡು ಇಂಚಿನ ಸ್ಪೀಕರು, ಅದಕ್ಕೆ ಹೊಂದುವ ಆಂಪ್ಲಿಫೈಯರು. ಅವುಗಳಿಂದಲೇ ಬದುಕು ಕಟ್ಟಿಕೊಳ್ಳಬೇಕೆಂದು ಅವನ ಲೆಕ್ಕ. ಮದುವೆಗೆ ಕಾರು ಮತ್ತು ಹಾಡು ಒಟ್ಟಿಗೆ. ದಿಬ್ಬಣವನ್ನು ಹಾಡು ಹಾಕಿಕೊಂಡು ಕರೆತರುವುದು, ಮನೆ ಮುಟ್ಟಿದ ಮೇಲೆ ಪೆಟ್ಟಿಗೆಯನ್ನು ಇಳಿಸಿ ಚಪ್ಪರದಲ್ಲಿಟ್ಟು ಬ್ಯಾಟರಿಯಿಂದ ನುಡಿಸುವುದು. ಸುಳ್ಯ, ಕಡಬದ ಒಳಗಿನ ಎಷ್ಟೋ ಮನೆಗಳಿಗೆ ಆಗ ಕರೆಂಟೇ ಇರಲಿಲ್ಲ. ಮೈಕ್ ಸೆಟ್ಟಿನವರ ಹಾರ್ನಿನಲ್ಲಿ ಬರುತ್ತಿದ್ದದ್ದು ಬರೀ ಕಿರುಚಾಟ. ಲೆಕ್ಕಾಚಾರ ಕೆಟ್ಟದ್ದೇನಲ್ಲ ಎಂದು ನನಗೂ ಅನಿಸಿತು.

"ಮದುವೆ ಮನೆಯಲ್ಲಿ ಎತ್ತಲಿಕ್ಕೆ ಜನ ಬೇಕಾದಷ್ಟು ಇರ್ತಾರಲ್ಲ ಮಾರಾಯ್ರೆ?" ಎಂದು ಕೇಳಿದೆ.

"ಇರ್ತಾರೆ. ಅವ್ರು ಎತ್ತುದು ಒಮ್ಮೆ, ಹೇಳುದು ಹತ್ತು ಸಲ. ಬ್ಯಾರಿಗೆ ಪೆಟ್ಟಿಗೆ ಎತ್ತಲಿಕ್ಕೆ ಆಗುದಿಲ್ಲ ಅಂತ ಮರುದಿನವೇ ಅಣ್ಣನ ಅಂಗಡಿಗೆ ಸುದ್ದಿ ಮುಟ್ಟುತ್ತದೆ."

ಆಮೇಲೆ ಸ್ವರ ತಗ್ಗಿಸಿ ಉಳಿದದ್ದನ್ನು ಹೇಳಿದ. ಕಾರು ಅಣ್ಣನದು. ಅಣ್ಣ ಕಡಬದಲ್ಲಿ ಅಡಿಕೆ ವ್ಯಾಪಾರಿ, ತಂದೆ ಸತ್ತ ಮೇಲೆ ತಮ್ಮನನ್ನು ಸಾಕಿದವನು. ಸೊಂಟ ಪೂರಾ ಗುಣವಾಗಿದೆ ಎಂದು ಅಣ್ಣನನ್ನು ನಂಬಿಸಿ ಕೀಲಿಕೈ ತೆಗೆದುಕೊಂಡಿದ್ದ. ಗುಣವಾಗಿಲ್ಲ ಎಂದು ಗೊತ್ತಾದ ದಿನ ಅಣ್ಣ ಕಾರಿಗೆ ಬೇರೆ ಡ್ರೈವರನ್ನು ಹಾಕುತ್ತಾನೆ, ಇವನು ಮನೆಯ ಜಗಲಿಯಲ್ಲಿ ಕೂತು ಅಣ್ಣ ಹಾಕಿದ್ದನ್ನು ಉಣ್ಣಬೇಕು. "ಅದು ಆಗುದಿಲ್ಲ ರೈಗಳೇ" ಎಂದ. ಅಷ್ಟು ಹೇಳುವಾಗ ಡಿಕ್ಕಿಯ ಬಾಗಿಲನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅದು ಆಧಾರಕ್ಕೆ ಹಿಡಿದದ್ದೆಂದು ನನಗೆ ಆಗ ಹೊಳೆಯಲಿಲ್ಲ.

ಮರದ ಕೆಲಸಕ್ಕೆ ನನ್ನ ಅಂಗಡಿಯ ಹಿಂದೆಯೇ ಆಚಾರಿಯೊಬ್ಬರ ಕೆಲಸದ ಕೊಟ್ಟಿಗೆ ಇತ್ತು. ರೇಡಿಯೋ ಪೆಟ್ಟಿಗೆಗಳನ್ನು ನಾವಿಬ್ಬರೂ ಸೇರಿ ಮಾಡಿ ಅಭ್ಯಾಸವಿತ್ತು. ಜಗಳವಾಡುತ್ತಾ ಮಾಡುವುದೇ ನಮ್ಮ ಕ್ರಮ. ಸ್ಪೀಕರು ಮುಂದಕ್ಕೆ ತಳ್ಳುವಷ್ಟೇ ಗಾಳಿಯನ್ನು ಹಿಂದಕ್ಕೂ ತಳ್ಳುತ್ತದೆ, ಹಿಂದಿನದು ಸುತ್ತಿ ಬಂದು ಮುಂದಿನದನ್ನು ನುಂಗಿಬಿಡುತ್ತದೆ, ಅದಕ್ಕೇ ಹಿಂಬದಿಯನ್ನು ಗಾಳಿಯಾಡದ ಹಾಗೆ ಮುಚ್ಚಬೇಕು, ಮುಚ್ಚಿದ ಹಲಗೆ ಅಲುಗಲೂ ಬಾರದು ಎಂದು ನಾನು ವಿವರಿಸಿದೆ.

"ಅಲುಗಬಾರದು ಅಂದ್ರೆ ದಪ್ಪ ಬೇಕು. ದಪ್ಪ ಅಂದ್ರೆ ಭಾರ" ಎಂದರು ಆಚಾರಿ.

ಮೊದಲ ಪೆಟ್ಟಿಗೆಯನ್ನು ಹಾಗೆಯೇ ಮಾಡಿದೆವು, ದಪ್ಪ ಪ್ಲೈವುಡ್‌ನಲ್ಲಿ. ಸ್ಪೀಕರಿನ ಅಂಚಿಗೆ ಹಳೆಯ ಸೈಕಲ್ ಟ್ಯೂಬಿನ ರಬ್ಬರು, ಮೂಲೆಗಳಿಗೆ ಪುಟ್ಟಿ. ಗಾಳಿ ಸೋರುತ್ತದೋ ಎಂದು ನೋಡಲು ಸ್ಪೀಕರಿನ ಕಾಗದದ ಕೋನನ್ನು ಮೆಲ್ಲಗೆ ಒತ್ತುತ್ತಾ ಸಂದುಗಳ ಉದ್ದಕ್ಕೆ ಊದುಬತ್ತಿ ಹಿಡಿದೆ. ಹೊಗೆ ಎಲ್ಲಿಯೂ ಅಲುಗಲಿಲ್ಲ. ಸ್ವರ ಬಹಳ ಚೆನ್ನಾಗಿ ಬಂತು, ಪಕ್ಕದ ಹೋಟೆಲಿನವನು ಓಡಿ ಬಂದು ಗ್ಲಾಸುಗಳು ನಡುಗುತ್ತಿವೆ ಎಂದು ಬೈದು ಹೋದ. ನನಗೆ ಖುಷಿಯಾಯಿತು. ಆಮೇಲೆ ಅವನು ಪೆಟ್ಟಿಗೆಯನ್ನು ಡಿಕ್ಕಿಯಿಂದ ಎತ್ತಲು ಬಗ್ಗಿದ. ಅಂಚಿನವರೆಗೆ ತಂದ. ಅಲ್ಲಿಗೆ ನಿಂತ. ಮುಖದ ರಕ್ತವೆಲ್ಲ ಇಳಿದುಹೋಯಿತು. ನಾನೂ ಆಚಾರಿಯೂ ಪೆಟ್ಟಿಗೆ ಹಿಡಿದುಕೊಂಡೆವು. ಅವನು ಅಂಗಡಿಯ ಮೆಟ್ಟಿಲಿನ ಮೇಲೆ ಕೂತ.

"ಆಸ್ಪತ್ರೆಗೆ ಹೋಗುವಾ?" ಎಂದೆ.

"ಇನ್ನೊಂದು ಮಾಡಿ" ಎಂದ.

ಎರಡನೆಯದನ್ನು ತೆಳು ಪ್ಲೈಯಲ್ಲಿ ಮಾಡಿ ಒಳಗೆ ಅಡ್ಡಪಟ್ಟಿ ಕೊಟ್ಟೆವು. ಹಗುರವಾಯಿತು, ಆದರೆ ಸ್ವರ ಏರಿಸಿದರೆ ಪೆಟ್ಟಿಗೆಯೇ ಗರಗರ ಎನ್ನುತ್ತಿತ್ತು. ಹಲಗೆಯ ಮೇಲೆ ಕೈಯಿಟ್ಟರೆ ಜ್ವರ ಬಂದವರ ಮೈ ಹಾಗೆ ನಡುಕ. ತೆಳು ಇರಬೇಕು, ನಡುಗಬಾರದು. ಎರಡು ತೆಳು ಪ್ಲೈಗಳ ನಡುವೆ ಹಗುರವಾದ ಏನನ್ನಾದರೂ ಅಂಟಿಸಿದರೆ ಆಗುತ್ತದೆ ಎಂದು ನನ್ನ ಬುದ್ಧಿ. ಏನನ್ನು ಎಂಬ ಪ್ರಶ್ನೆಗೆ ನಾನೂ ಆಚಾರಿಯೂ ಒಟ್ಟಿಗೆ ಹೇಳಿದ್ದು ಅಡಿಕೆ ಹಾಳೆ. ನಮ್ಮ ಕಡೆಯವರಿಗೆ ಬೇರೆ ಏನು ನೆನಪಾಗಬೇಕು? ಟೊಪ್ಪಿಗೂ ಹಾಳೆ, ಊಟಕ್ಕೂ ಹಾಳೆ, ದೋಣಿಯ ನೀರು ಮೊಗೆಯಲಿಕ್ಕೂ ಹಾಳೆ.

ಹಾಳೆಗಳನ್ನು ನೆನೆಸಿ, ಅರೆಯುವ ಕಲ್ಲುಗಳ ಅಡಿಯಲ್ಲಿಟ್ಟು ಚಪ್ಪಟೆ ಮಾಡಿ, ಒಣಗಿಸಿ, ಅಂಟು ಬಳಿದು ಕೂರಿಸಿದೆವು. ಬಿಸಿಲಿಗೆ ಎರಡು ದಿನ ಇಟ್ಟೆವು. ಸ್ವರ ಕೇಳಿ ಆಚಾರಿ ಮೊದಲ ಬಾರಿಗೆ ತಲೆಯಾಡಿಸಿದರು. ಒಂದು ವಾರದಲ್ಲಿ ಪೆಟ್ಟಿಗೆ ಬಸುರಿಯಾಯಿತು. ಅಂಟಿನ ನೀರನ್ನು ಹಾಳೆ ಕುಡಿದು, ಒಣಗುವಾಗ ಮರದಲ್ಲಿದ್ದ ತನ್ನ ಹಳೆಯ ಬಾಗುವಿಕೆಗೆ ತಿರುಗಿತ್ತು. ಪ್ಲೈ ಹೊಟ್ಟೆಯುಬ್ಬಿಸಿ ಮೂಲೆಯಲ್ಲಿ ಬಾಯಿ ಬಿಟ್ಟಿತು. ಊದುಬತ್ತಿ ಹಿಡಿದರೆ ಹೊಗೆ ನೇರ ಒಳಗೆ ಹೋಯಿತು. ನಾನು ಸಿಟ್ಟಿನಲ್ಲಿ ಅದನ್ನು ಕೊಟ್ಟಿಗೆಯ ಮೂಲೆಗೆ ಒದ್ದೆ. ಕಾಲಿನ ಬೆರಳು ಊದಿಕೊಂಡಿತು, ಪೆಟ್ಟಿಗೆಗೆ ಏನೂ ಆಗಲಿಲ್ಲ. ಅಷ್ಟರ ಮಟ್ಟಿಗೆ ಅದು ಗಟ್ಟಿಯಾಗಿಯೇ ಇತ್ತು.

ಆಮೇಲೆ ಹಾಳೆಯನ್ನು ಬೆರಳಗಲದ ಪಟ್ಟಿಗಳಾಗಿ ಸೀಳಿದೆವು. ಒಂದು ಪಟ್ಟಿಯ ಬೆನ್ನು ಮೇಲೆ, ಪಕ್ಕದ್ದರ ಹೊಟ್ಟೆ ಮೇಲೆ, ಹೀಗೆ ಒಂದು ಬಿಟ್ಟು ಒಂದು. ಒಂದು ಬಾಗುವ ಕಡೆಗೆ ಇನ್ನೊಂದು ಬಾಗದ ಹಾಗೆ. ಅಂಟು ತೆಳ್ಳಗೆ. ಒಳಗೆ ಬೂರುಗದ ಹತ್ತಿ ತುಂಬಿದೆವು. ಈ ಸಲ ಎಷ್ಟು ದಿನ ಕಳೆದರೂ ಹಲಗೆ ಹಲಗೆಯಾಗಿಯೇ ಉಳಿಯಿತು. ಮೊದಲಿನ ಪೆಟ್ಟಿಗೆಯ ಅರ್ಧಕ್ಕಿಂತ ಕಡಿಮೆ ಭಾರ, ಸ್ವರದಲ್ಲಿ ಅಷ್ಟೇನೂ ಕೊರತೆ ಇಲ್ಲ. ನಾನು ಗೆದ್ದೆ ಎಂದುಕೊಂಡು ಅವನಿಗೆ ಹೇಳಿ ಕಳಿಸಿದೆ.

ಬಂದ. ಎತ್ತಿದ. ಎತ್ತಿ ಇಳಿಸಿದ. ತುಟಿ ಕಚ್ಚಿದ ಗುರುತು ಕೆಳತುಟಿಯಲ್ಲಿ ಬಿಳಿಯಾಗಿ ಉಳಿಯಿತು.

"ಈಗಲೂ ಭಾರವಾ?" ನನಗೆ ರೇಗಿತು. "ಇನ್ನು ಕಾಗದದಲ್ಲಿ ಮಾಡಬೇಕಷ್ಟೆ."

"ಭಾರ ಅಲ್ಲ ರೈಗಳೇ. ಬಗ್ಗುದು" ಎಂದ.

ಆ ಮಾತನ್ನು ಅವನು ಮೊದಲೇ ಹೇಳಿದ್ದರೆ ನಾಲ್ಕು ಪೆಟ್ಟಿಗೆ ಉಳಿಯುತ್ತಿತ್ತು. ಆದರೆ ಅದನ್ನು ಹೇಳುವುದೇ ಅವನಿಗೆ ಎತ್ತುವುದಕ್ಕಿಂತ ಕಷ್ಟವಾಗಿತ್ತು ಎಂದು ಕಾಣುತ್ತದೆ. ಅಲ್ಲಿಯವರೆಗೆ ನಾನು ಅಳತೆ ತೆಗೆದದ್ದೆಲ್ಲ ಡಿಕ್ಕಿಯದ್ದು, ಸ್ಪೀಕರಿನದ್ದು. ಎತ್ತುವ ಮನುಷ್ಯನ ಅಳತೆ ತೆಗೆದಿರಲಿಲ್ಲ. ಇನ್ನು ಪೆಟ್ಟಿಗೆಯನ್ನು ಹಗುರ ಮಾಡುವುದನ್ನು ಬಿಟ್ಟು, ಇವನಿಗೆ ತಕ್ಕ ಹಾಗೆ ಮಾಡುವುದು ಎಂದು ತೀರ್ಮಾನಿಸಿದೆ. "ಎಲ್ಲಿ ನೋವು, ಯಾವಾಗ ನೋವು, ನಾಚಿಕೆ ಬಿಟ್ಟು ಹೇಳಿ" ಎಂದೆ. ಕೊಟ್ಟಿಗೆಯ ಬಾಗಿಲು ಹಾಕಿಕೊಂಡು, ಖಾಲಿ ಪೆಟ್ಟಿಗೆಯನ್ನು ಅವನಿಂದ ಬೇರೆ ಬೇರೆ ಎತ್ತರದಿಂದ ಎತ್ತಿಸಿದೆವು. ಮೊಣಕಾಲಿನಿಂದ ಕೆಳಗೆ ಬಗ್ಗಲು ಆಗುವುದಿಲ್ಲ. ಬಲಗಾಲು ಭಾರ ಹೊರುವುದಿಲ್ಲ, ಅದಕ್ಕೇ ಬಲಗೈಯಲ್ಲಿ ಹಿಡಿದರೆ ವಾಲುತ್ತಾನೆ. ಎಡಗೈಯಲ್ಲಿ, ಮೈಗೆ ತಾಗಿಸಿ ಹಿಡಿದರೆ ನಡೆಯಬಲ್ಲ. ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿದ್ದ ಅಗಲದ ಪಟ್ಟಿಯನ್ನೂ ತೋರಿಸಿದ. ಆಚಾರಿ ಮುಖ ಬೇರೆ ಕಡೆ ತಿರುಗಿಸಿದರು.

ಕೊನೆಯ ಪೆಟ್ಟಿಗೆ ಎತ್ತರಕ್ಕೆ, ಕಿರಿದಾಗಿ ಆಯಿತು. ಸ್ಪೀಕರಿನಲ್ಲಿ ಹೆಚ್ಚು ಭಾರದ ಭಾಗವಾದ ಆಯಸ್ಕಾಂತ ಅವನ ತೊಡೆಯ ಕಡೆಗೆ ಬರುವಂತೆ ಕೂರಿಸಿ, ಆ ಬದಿಯ ಹಲಗೆಗೆ ಸ್ಪಂಜು ಹೊಡೆದೆ. ಡಿಕ್ಕಿಯ ತಳ ಅಂಚಿಗಿಂತ ಕೆಳಗಿತ್ತು. ಅದನ್ನು ಅಂಚಿನ ಮಟ್ಟಕ್ಕೆ ಏರಿಸಲು ಅಡಿಕೆ ಮರದ ಸಲಾಕೆಗಳ ಅಟ್ಟ ಕಟ್ಟಿ, ಸಲಾಕೆಗಳಿಗೆ ಮೇಣದಬತ್ತಿ ತಿಕ್ಕಿದೆವು. ಒಂದು ಬೆರಳಿನಲ್ಲಿ ಎಳೆದರೂ ಪೆಟ್ಟಿಗೆ ಜಾರಿ ಬರುತ್ತಿತ್ತು. ಹಿಡಿಯನ್ನು ಆಚಾರಿ ಎತ್ತರಕ್ಕೆ ಇಟ್ಟರು. ಅವನ ಎಡಗೈಗೆ ಪುಟ್ಟಿಯ ಮುದ್ದೆ ಕೊಟ್ಟು ಹಿಸುಕಿಸಿ, ಆ ಅಚ್ಚನ್ನು ನೋಡಿ ಹಲಸಿನ ತುಂಡಿನಲ್ಲಿ ಒಂದೊಂದು ಬೆರಳಿಗೂ ಒಂದೊಂದು ಗುಳಿ ಕೆತ್ತಿದರು. ಅಷ್ಟು ಚಂದದ ಹಿಡಿಯನ್ನು ನಾನು ಮತ್ತೆ ನೋಡಿಲ್ಲ.

ಅವನು ಎಳೆದ, ಹಿಡಿದ, ನೆಟ್ಟಗೆ ನಿಂತ. ಅಂಗಡಿಯಿಂದ ರಸ್ತೆಯವರೆಗೆ ನಡೆದು ವಾಪಸು ಬಂದ. ಮುಖದಲ್ಲಿ ಏನೂ ಇರಲಿಲ್ಲ. ನೋವೂ ಇರಲಿಲ್ಲ.

ಮೊದಲ ಮದುವೆ ಸಿಕ್ಕಿದ್ದು ಸುಳ್ಯ ಕಡೆಯ ಕೊಲ್ಲಮೊಗ್ರಿನ ಒಳಗೆ. ಸ್ವರ ಹೊಂದಿಸಲು ನಾನೂ ಹೋದೆ. ಕಾರು ಮನೆಯವರೆಗೆ ಹೋಗುತ್ತಿರಲಿಲ್ಲ. ಮಧ್ಯೆ ಒಂದು ತೋಡು, ಅದಕ್ಕೆ ಎರಡು ಅಡಿಕೆ ಮರ ಹಾಸಿದ ಸಂಕ. ಮನೆಯ ಹುಡುಗರು ಬ್ಯಾಟರಿ ಹೊತ್ತರು, ಆಂಪ್ಲಿಫೈಯರು ನಾನು ಹಿಡಿದೆ.

"ಪೆಟ್ಟಿಗೆ ಕೊಡಿ ಬ್ಯಾರಿಗಳೇ, ದಾಟಿಸಿ ಕೊಡ್ತೇನೆ" ಎಂದರು ಮನೆಯ ಯಜಮಾನರು.

"ಬೇಡ, ಇದೆಂತ ಭಾರವಾ?" ಎಂದು ಅವನು ಎಡಗೈಯಲ್ಲಿ ಹಿಡಿದು ಸಂಕ ಹತ್ತಿದ. ನಾನು ಹಿಂದೆ ನಿಂತು ಅವನ ಬಲಗಾಲನ್ನೇ ನೋಡುತ್ತಿದ್ದೆ. ಆ ಕಾಲು ಪ್ರತಿ ಹೆಜ್ಜೆಗೂ ಮರದ ಮೇಲೆ ಜಾಗ ಹುಡುಕುತ್ತಿತ್ತು. ಆಚೆ ದಡ ಮುಟ್ಟಿದ ಮೇಲೆ ಅವನು ತಿರುಗಿ ನೋಡದೆ ನಡೆದ. ಚಪ್ಪರದಲ್ಲಿ ಹಾಡು ಹಾಕಿದಾಗ ಚೊಂಬಿನ ಮಜ್ಜಿಗೆ ನಡುಗಿತು. ಒಬ್ಬ ಅಜ್ಜಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಇದಕ್ಕೆ ಜೀವ ಉಂಟು ಎಂದು ಮೊಮ್ಮಕ್ಕಳನ್ನು ಕರೆದರು. ಊಟಕ್ಕೆ ಮೊದಲೇ ಇನ್ನೆರಡು ಮನೆಯವರು ಬಂದು ತಮ್ಮ ಮದುವೆಗೆ ಹೇಳಿ ಹೋದರು. ಆ ದಿನ ಅವನು ನಕ್ಕದ್ದನ್ನು ನೋಡಿದೆ.

ವಾಪಸು ಬರುವಾಗ ಕಾರನ್ನು ಹಿಂದಕ್ಕೆ ತೆಗೆಯಬೇಕಿತ್ತು. ಒಂದು ಬದಿ ಎತ್ತರದ ಮಣ್ಣಿನ ಧರೆ, ಇನ್ನೊಂದು ಬದಿ ಇಳಿಜಾರು. ಅವನು ತಿರುಗಿ ನೋಡಲಿಲ್ಲ. "ಹಿಂದೆ ಎಂತ ಉಂಟು, ನೋಡಿ ಹೇಳಿ" ಎಂದ. ನಾನು ಹೇಳಿದೆ, ಅವನು ತೆಗೆದ. ಸೊಂಟ ತಿರುಗದ ಮನುಷ್ಯ ದಿಬ್ಬಣ ತುಂಬಿಕೊಂಡು ಈ ರಸ್ತೆಗಳಲ್ಲಿ ಓಡಾಡಬಹುದೋ ಎಂಬ ಪ್ರಶ್ನೆ ನನ್ನ ಬಾಯಿಯವರೆಗೆ ಬಂದಿತ್ತು. ಕೇಳಲಿಲ್ಲ. ಪುತ್ತೂರಿಗೆ ಬಂದ ಮೇಲೆ ಕಾರಿನ ಎರಡೂ ಬದಿಗೆ ದೊಡ್ಡ ಕನ್ನಡಿ ಕೂರಿಸಿ ಕೊಟ್ಟೆ. ಅದು ನನ್ನಿಂದಾಗುವ ಉತ್ತರವಾಗಿತ್ತು.

ಮದುವೆಗಳು ಬರತೊಡಗಿದವು. ನಡುನಡುವೆ ಅವನು ಕಾರನ್ನು ನನ್ನ ಅಂಗಡಿಯ ಮುಂದೆ ನಿಲ್ಲಿಸಿ, ಸೊಂಟದ ಇಂಜೆಕ್ಷನಿಗೆ ನಡೆದು ಹೋಗುತ್ತಿದ್ದ. ಆಸ್ಪತ್ರೆಯ ಎದುರು ಕಾರು ಕಂಡರೆ ಅಣ್ಣನಿಗೆ ಸುದ್ದಿ ಹೋಗುತ್ತದೆಂಬ ಹೆದರಿಕೆ. ಅಂಥ ಒಂದು ದಿನ ಅಣ್ಣನೇ ಬಂದ. ಅಡಿಕೆ ಹೇರಿಕೊಂಡು ಪುತ್ತೂರಿಗೆ ಬಂದವನು ರಸ್ತೆಯಲ್ಲಿ ತನ್ನ ಕಾರು ನೋಡಿ ನಿಂತಿದ್ದ. ದೊಡ್ಡ ಮೈಕಟ್ಟು, ಮೆದು ಮಾತು.

"ಅವ ಎಲ್ಲಿ ಹೋದ?"

"ಏನೋ ಸಾಮಾನು ತರ್ಲಿಕ್ಕೆ ಹೋಗಿದ್ದಾರೆ ಸಾಹುಕಾರ್ರೆ, ಈಗ ಬರ್ತಾರೆ" ಎಂದು ಸುಳ್ಳು ಹೇಳಿದೆ.

"ಎಲ್ಲರೂ ಆ ಪೆಟ್ಟಿಗೆ ವಿಷಯವೇ ಮಾತಾಡುದು. ನೋಡುವಾ" ಎಂದು ನಗುತ್ತಾ ಡಿಕ್ಕಿ ತೆರೆದ. ತಮ್ಮನ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಪೆಟ್ಟಿಗೆಯ ಹಿಡಿಗೆ ಕೈ ಹಾಕಿ ಎತ್ತಿದ. ಅಡಿಕೆ ವ್ಯಾಪಾರಿಯ ಕೈ ಅದು. ದಿನವಿಡೀ ಗೋಣಿ ಎತ್ತಿ ಇಳಿಸಿ, ತಕ್ಕಡಿಗಿಂತ ಮೊದಲೇ ತೂಕ ಹೇಳುವ ಕೈ. ಭಾರಕ್ಕೆ ತಯಾರಾಗಿ ಎತ್ತಿದ ಅವನ ತೋಳು ಪೆಟ್ಟಿಗೆಯ ಜೊತೆ ಮೇಲೆ ಹಾರಿತು.

"ಇದೆಂತ ಇಷ್ಟು ಹಗುರ?"

ನಾನು ಬಾಯಿ ತೆರೆಯುವ ಮೊದಲು, ಕೊಟ್ಟಿಗೆಯಿಂದ ಬಂದು ನಿಂತಿದ್ದ ಆಚಾರಿ, "ಕಾರಿನ ಸ್ಪ್ರಿಂಗಿಗೆ ಒಳ್ಳೆದು ಸಾಹುಕಾರ್ರೆ" ಎಂದರು.

ಅವನು ತಲೆಯಾಡಿಸಿದ. ಆದರೆ ಕೈ ಹಿಡಿಯ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಬೆರಳುಗಳನ್ನು ಸರಿಸಿ ನೋಡಿದ. ಆಮೇಲೆ ಪೆಟ್ಟಿಗೆಯನ್ನು ತಿರುಗಿಸಿ ಎಡಗೈಗೆ ಬದಲಿಸಿದ. ಬೆರಳುಗಳು ಒಂದೊಂದಾಗಿ ಗುಳಿಗಳಿಗೆ ಇಳಿದವು. ಸ್ಪಂಜು ಹೊಡೆದ ಬದಿ ಬಂದು ಅವನ ತೊಡೆಗೆ ತಾಗಿತು.

"ನನ್ನ ತಮ್ಮ ಬಲಗೈಯವ" ಎಂದ.

ಅವನು ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟು ಬೆರಳಿನಿಂದ ತಳ್ಳಿದ, ಎಳೆದ. ಸಲಾಕೆಯನ್ನು ಸವರಿ, ಬೆರಳಿಗೆ ಹತ್ತಿದ ಮೇಣವನ್ನು ನೋಡಿದ. ಅಟ್ಟದ ಕೆಳಗಿನ ಖಾಲಿ ಜಾಗವನ್ನು ನೋಡಿದ. ಕಾರನ್ನು ಸುತ್ತಿ ಬಂದು ಒಂದು ಕನ್ನಡಿಯ ಮುಂದೆ ನಿಂತ, ಮತ್ತೆ ಇನ್ನೊಂದರ ಮುಂದೆ ನಿಂತ.

"ಬಗ್ಗಲಿಕ್ಕೆ ಆಗುದಿಲ್ಲ" ಎಂದ, ತನಗೇ ಹೇಳಿಕೊಳ್ಳುವ ಹಾಗೆ. "ಬಲಗಾಲಿಗೆ ಬಲ ಇಲ್ಲ. ತಿರುಗಲಿಕ್ಕೂ ಆಗುದಿಲ್ಲ." ನನ್ನ ಮುಖ ನೋಡಿದ. "ಅವನಿಗೆ ಇಷ್ಟು ನೋವು ಉಂಟಾ ರೈಗಳೇ?"

ನಾವು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಒಂದು ಮಾತನ್ನೂ ಆಡಿರಲಿಲ್ಲ. ನಾನೂ ಆಚಾರಿಯೂ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೆವು, ಅಷ್ಟೆ. ತಮ್ಮನ ನೋವು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ನಮ್ಮ ಉಳಿ ಹೋಗಿತ್ತು. ಗೊತ್ತಿರುವ ಕೈಗೆ ಸಿಕ್ಕಿದರೆ ಆ ಪೆಟ್ಟಿಗೆ ಡಾಕ್ಟರರ ಚೀಟಿಗಿಂತ ಸ್ಪಷ್ಟ.

ಅಣ್ಣ ಕಣ್ಣೊರೆಸಿಕೊಂಡ. ಬೈಯಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ. ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ. ಪೆಟ್ಟಿಗೆಯನ್ನು ನನ್ನ ಅಂಗಡಿಯೊಳಗೆ ಇಟ್ಟು, ಬೆಂಚಿನ ಮೇಲೆ ಕೂತು ಕಾದ. ತಮ್ಮ ಬಂದ. ಅಣ್ಣನನ್ನು ನೋಡಿದ, ತೆರೆದಿದ್ದ ಡಿಕ್ಕಿಯನ್ನು ನೋಡಿದ. ಅಣ್ಣ ಎದ್ದು ಅವರ ಭಾಷೆಯಲ್ಲಿ ಏನೋ ಮೆಲ್ಲಗೆ ಹೇಳಿ ಕೈ ಚಾಚಿದ. ತಮ್ಮ ಜೇಬಿನಿಂದ ಕೀಲಿಕೈ ತೆಗೆದು ಆ ಕೈಯಲ್ಲಿಟ್ಟ. ಅಣ್ಣ ಅವನ ತೋಳು ಹಿಡಿದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದ. ಅಣ್ಣ ಮಾಡಿದ್ದು ತಪ್ಪು ಎಂದು ನಾನು ಇಂದಿಗೂ ಹೇಳಲಾರೆ. ಆದರೆ ಆ ಬಾಗಿಲು ಹಾಕಿದ ಸದ್ದು ನನಗೆ ಇಷ್ಟವಾಗಲಿಲ್ಲ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಅವನು ಬಸ್ಸಿನಲ್ಲಿ ಬಂದ. ಕಾರಿಗೆ ಡ್ರೈವರ್ ಬಂದಿದ್ದ, ಈಗ ಅದು ಆಸ್ಪತ್ರೆಗೆ ಹೋಗುವವರ ಬಾಡಿಗೆಗೆ ಓಡುತ್ತಿತ್ತು. ಹಾಡಿಲ್ಲ. ಅಣ್ಣ ಮಂಗಳೂರಿನ ದೊಡ್ಡ ಡಾಕ್ಟರರಿಗೆ ತೋರಿಸುತ್ತಾನಂತೆ, ಮನೆಯಲ್ಲಿ ಅತ್ತಿಗೆ ನೀರಿನ ಕೊಡ ಮುಟ್ಟಲೂ ಬಿಡುವುದಿಲ್ಲವಂತೆ. ಇದನ್ನೆಲ್ಲ ಅವನು ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದ. ನಾನು ಚಹಾ ತರಿಸಿದೆ. ಅವನು ಕುಡಿಯಲಿಲ್ಲ.

ಮೂಲೆಯಲ್ಲಿದ್ದ ಪೆಟ್ಟಿಗೆಯ ಹತ್ತಿರ ಹೋದ. ಹಿಡಿಯನ್ನು ಹಿಡಿದು, ನೆಟ್ಟಗೆ ನಿಂತುಕೊಂಡೇ ಸಲೀಸಾಗಿ ಎತ್ತಿದ. ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡು ನಿಂತ. ಮತ್ತೆ ಇದ್ದಲ್ಲಿಯೇ ಇಟ್ಟ.

"ಭಾರ ಮಾಡಿಯೇ ಕೊಡಬೇಕಿತ್ತು ರೈಗಳೇ" ಎಂದ. "ನಾನು ಹೇಗಾದ್ರೂ ಎತ್ತುತ್ತಿದ್ದೆ."